ಕೆಂಟ್ ಕರಾವಳಿಯಲ್ಲಿ ಐದು ದಿನ: ಅಪ್ಪ, ಅಮ್ಮ, ಮಗು ಜೊತೆ, ಕಾರಿಲ್ಲದೆ

ಚನ್ನಗಿರಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾವಿರೋದು ಲಂಡನ್ ಪಕ್ಕದ ಸ್ಲೌನಲ್ಲಿ. ಜೂನ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಲಂಡನ್ ಹೋದ ಸಲವೇ ನೋಡಿ ಆಗಿದೆ. ಈ ಸಲ ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಕಡೆ ಐದು ದಿನ ಹೋಗೋಣ ಅಂತಿದ್ದೇವೆ.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕೋಟೆ ಕಂಡರೆ ಊಟ ಮರೆಯುತ್ತಾರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಅವರಿಗೆ ಸಮುದ್ರ ಕಂಡರೆ ಸಾಕು. ಮಗನಿಗೆ ಏಳು ವರ್ಷ, ಮರಳು ಮತ್ತು ರೈಲು ಇದ್ದರೆ ಬೇರೇನೂ ಕೇಳಲ್ಲ. ಮನೆಯವರೆಲ್ಲ ಸಸ್ಯಾಹಾರಿಗಳು. ಕಾರು ಇಲ್ಲ.

ನಾನು ಬರೆದಿಟ್ಟ ಊರುಗಳು: ಕ್ಯಾಂಟರ್‌ಬರಿ, ಡೋವರ್, ವಿಟ್‌ಸ್ಟೆಬಲ್, ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ಡೀಲ್, ಸ್ಯಾಂಡ್ವಿಚ್, ಫೋಕ್‌ಸ್ಟನ್, ರಾಚೆಸ್ಟರ್, ರೈ. ನಮ್ಮನೆಯವರು ದಿನಕ್ಕೆ ಎರಡು ಊರು ಆರಾಮಾಗಿ ಆಗುತ್ತೆ ಅನ್ನುತ್ತಾರೆ. ಆಗುತ್ತಾ? ಎಲ್ಲಿ ಉಳಿದರೆ ಒಳ್ಳೆಯದು?

ಮರವಂತೆ_ಮಾರಾಯ:

ನಾನು ರಾಮ್ಸ್‌ಗೇಟ್‌ನಲ್ಲೇ ಇರೋದು. ನಿಮ್ಮ ಪಟ್ಟಿ ಓದಿಯೇ ಸುಸ್ತಾಯಿತು ಮಾರಾಯ್ರೆ. ಮೊದಲು ರೈ ತೆಗೆಯಿರಿ. ಅದು ಕೆಂಟ್ ಅಲ್ಲ, ಪಕ್ಕದ ಈಸ್ಟ್ ಸಸೆಕ್ಸ್. ರಾಚೆಸ್ಟರ್ ಲಂಡನ್ ಕಡೆಗಿದೆ. ಅದನ್ನು ಬೇರೆ ಯಾವಾಗಲಾದರೂ ಮನೆಯಿಂದಲೇ ಹೋಗಿ ಬರಬಹುದು. ಉಳಿದದ್ದರಲ್ಲೂ ಅರ್ಧ ಬಿಡಿ. ಮಂಡಿನೋವಿರುವ ಅಮ್ಮನನ್ನು ದಿನಕ್ಕೆರಡು ಊರು ಸುತ್ತಿಸಿದರೆ ಮೂರನೇ ದಿನ ಅವರು ರೂಮಿಂದ ಹೊರಗೆ ಬರಲ್ಲ.

ಇಲ್ಲಿನ ಕರಾವಳಿಗೆ ಮೂರು ಮುಖ ಇವೆ. ವಿಟ್‌ಸ್ಟೆಬಲ್, ಹರ್ನ್ ಬೇ, ಮಾರ್ಗೇಟ್ ಉತ್ತರಕ್ಕಿವೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ನೀರಿಗೇ ಇಳಿಯುತ್ತಾನೆ, ಜೂನ್‌ನಲ್ಲಿ ಅದೂ ರಾತ್ರಿ ಒಂಬತ್ತು ದಾಟಿದ ಮೇಲೆ. ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್, ಡೀಲ್ ಪೂರ್ವಕ್ಕೆ. ಇಲ್ಲಿ ಸೂರ್ಯೋದಯ ಚಂದ, ಆದರೆ ನಾಲ್ಕೂಮುಕ್ಕಾಲಿಗೆಲ್ಲ ಏಳಬೇಕು. ಡೋವರ್, ಫೋಕ್‌ಸ್ಟನ್ ದಕ್ಷಿಣದ ಕಡೆ, ಫ್ರಾನ್ಸಿಗೆ ಎದುರು.

ಮರಳು ಎಲ್ಲ ಕಡೆ ಇಲ್ಲ, ಇದನ್ನು ಮಗನಿಗೆ ಮೊದಲೇ ಹೇಳಿ. ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್‌ಗಳಲ್ಲಿ ಒಳ್ಳೆ ಮರಳು. ವಿಟ್‌ಸ್ಟೆಬಲ್, ಡೀಲ್, ಡೋವರ್‌ನಲ್ಲಿ ಬರೀ ಬೆಣಚುಗಲ್ಲು. ಬರಿಗಾಲಲ್ಲಿ ನಡೆದರೆ ಪಾದ ಉರಿಯುತ್ತೆ.

ಇನ್ನೊಂದು, ನೀರಿನ ಏರಿಳಿತ. ನಮ್ಮ ಮರವಂತೆ ಕಡೆ ಉಬ್ಬರ ಇಳಿತ ಇದ್ದರೂ ಅದೇನು ದೊಡ್ಡದಲ್ಲ. ಇಲ್ಲಿ ದೊಡ್ಡ ಉಬ್ಬರದ ದಿನ ನಾಲ್ಕು ಮೀಟರ್ ಹತ್ತಿರ ಏರಿಳಿಯುತ್ತೆ. ಬೆಳಿಗ್ಗೆ ಮೈದಾನದಂಥ ಮರಳು ಕಂಡ ಜಾಗದಲ್ಲಿ ಮಧ್ಯಾಹ್ನ ಗೋಡೆಗೇ ನೀರು ಬಡಿಯುತ್ತಿರುತ್ತೆ. ಹೊರಡುವ ಮುಂಚೆ ಆ ದಿನದ ಉಬ್ಬರದ ವೇಳೆ ನೋಡಿಕೊಳ್ಳಿ. ಬಸ್ಸಿನ ಟೈಮಿಗಿಂತ ಅದು ಮುಖ್ಯ.

ನನ್ನ ಮಾತು ಕೇಳೋದಾದರೆ ಮಾರ್ಗೇಟ್‌ನಲ್ಲಿ ಉಳಿಯಿರಿ. ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಸಮುದ್ರ. ದಂಡೆಯ ರಸ್ತೆ ಸಮತಟ್ಟು. ಅಮ್ಮ ಒಂದು ಬೆಂಚಲ್ಲಿ ಕೂತರೆ ಮರಳಲ್ಲಿ ಆಡುವ ಮೊಮ್ಮಗ ಅಲ್ಲಿಂದಲೇ ಕಾಣುತ್ತಾನೆ.

ಸುಮ್ನೆ_ಸುತ್ತಾಟ:

ಮಾರ್ಗೇಟಾ? ವಯಸ್ಸಾದವರನ್ನು ಕರ್ಕೊಂಡಾ? ನಾವು ಆಗಸ್ಟ್‌ನ ರಜೆಯಲ್ಲಿ ಹೋಗಿದ್ದೆವು. ಕಾಲಿಡೋಕೆ ಜಾಗ ಇರಲಿಲ್ಲ, ಎಲ್ಲಿ ನೋಡಿದರೂ ಬಾಟಲಿ, ಡಬ್ಬದಂಥ ಸ್ಪೀಕರು. ಮುಖ್ಯ ಬೀದಿಯಲ್ಲಿ ಮುಚ್ಚಿದ ಅಂಗಡಿಗಳೇ ಜಾಸ್ತಿ. ಡೀಲ್‌ನಲ್ಲಿ ಉಳಿಯಿರಿ. ಶಾಂತವಾದ ಊರು, ಹಳೆ ಮೀನುಗಾರರ ಬೀದಿಗಳು, ಎರಡು ಕೋಟೆ, ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿದ ಒಂದು ಪಿಯರ್. ಇಲ್ಲವಾದರೆ ಕೆಂಟ್ ಬಿಟ್ಟು ಬ್ರೈಟನ್‌ಗೆ ಹೋಗಿ. ಲಂಡನ್‌ನಿಂದ ಒಂದು ಗಂಟೆ.

ಮರವಂತೆ_ಮಾರಾಯ:

ಆಗಸ್ಟ್ ರಜೆಯ ವಾರಾಂತ್ಯಕ್ಕೆ ಹೋಗಿ ಜನ ಜಾಸ್ತಿ ಅಂದರೆ ಹೇಗೆ? ದಸರಾಕ್ಕೆ ಮೈಸೂರಿಗೆ ಹೋಗಿ ಯಾರಾದರೂ ಹಾಗಂತಾರಾ? ಶಾಲೆಗೆ ರಜೆ ಶುರುವಾಗುವ ಮುಂಚೆ, ಜೂನ್‌ನ ವಾರದ ಮಧ್ಯೆ ಬಂದು ನೋಡಿ. ಬ್ರೈಟನ್ ಒಳ್ಳೆ ಊರು, ಇಲ್ಲ ಅನ್ನಲ್ಲ. ಆದರೆ ಅಲ್ಲೂ ಬೆಣಚುಗಲ್ಲೇ. ಏಳು ವರ್ಷದ ಹುಡುಗ ಏನು ಕಟ್ಟುತ್ತಾನೆ ಅದರಲ್ಲಿ?

ಮುಚ್ಚಿದ ಅಂಗಡಿ ಇವೆ, ನಿಜ. ಆದರೆ ಕಡಲತೀರದ ಈ ಊರುಗಳ ಕಥೆಯೇ ಅದು. ಸಮುದ್ರಸ್ನಾನ ಆರೋಗ್ಯಕ್ಕೆ ಒಳ್ಳೆಯದು ಅಂತ ಡಾಕ್ಟರುಗಳು ಹೇಳತೊಡಗಿದ ಕಾಲದಲ್ಲಿ ಮಾರ್ಗೇಟ್ ಬೆಳೆಯಿತು. ಹೆಂಗಸರು ಯಾರ ಕಣ್ಣಿಗೂ ಬೀಳದೆ ನೀರಿಗೆ ಇಳಿಯೋಕೆ ಗಾಲಿಯ ಮೇಲೊಂದು ಮರದ ಕೋಣೆ ಇರುತ್ತಿತ್ತು, ಕುದುರೆ ಅದನ್ನು ನೀರಿನೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೆ ಮಡಚುವ ಬಟ್ಟೆಯ ಮರೆ ಜೋಡಿಸಿದವನು ಮಾರ್ಗೇಟ್‌ನ ಬೆಂಜಮಿನ್ ಬೀಲ್, ಸುಮಾರು 1750ರಲ್ಲಿ. ಆಗ ಲಂಡನ್‌ನಿಂದ ಜನ ಬರುತ್ತಿದ್ದದ್ದು ಹಾಯಿದೋಣಿಯಲ್ಲಿ, ಥೇಮ್ಸ್ ನದಿ ಹಿಡಿದು. ಆಮೇಲೆ ಉಗಿಹಡಗು ಬಂತು, ಆಮೇಲೆ ರೈಲು. ರೈಲು ಬಂದ ಮೇಲೆ ಕಾರ್ಮಿಕರೂ ಬಂದರು. 1970ರ ಹೊತ್ತಿಗೆ ಸ್ಪೇನಿಗೆ ಕಡಿಮೆ ದುಡ್ಡಿಗೆ ವಿಮಾನ ಸಿಕ್ಕಿದ್ದೇ ತಡ, ಎಲ್ಲರೂ ಆ ಕಡೆ. ಊರು ಕುಸಿಯಿತು.

2011ರಲ್ಲಿ ದಂಡೆಯಲ್ಲೇ ಟರ್ನರ್ ಕಂಟೆಂಪರರಿ ಅನ್ನೋ ಕಲಾ ಗ್ಯಾಲರಿ ಶುರುವಾಯಿತು. ಆಮೇಲೆ ಊರು ಮತ್ತೆ ಚೇತರಿಸಿಕೊಳ್ಳುತ್ತಿದೆ. ಚಿತ್ರಕಾರ ಟರ್ನರ್ ಹುಡುಗನಾಗಿದ್ದಾಗ ಇಲ್ಲಿ ಶಾಲೆಗೆ ಹೋದವನು. ದೊಡ್ಡವನಾದ ಮೇಲೂ ಬಂದು, ಈಗ ಗ್ಯಾಲರಿ ಇರುವ ಜಾಗದಲ್ಲಿದ್ದ ಮನೆಯೊಂದರಲ್ಲಿ ಉಳಿಯುತ್ತಿದ್ದ. ಗ್ಯಾಲರಿಗೆ ದುಡ್ಡಿಲ್ಲ. ದೊಡ್ಡ ಕಿಟಕಿಯ ಮುಂದೆ ಕೂತು ಸಮುದ್ರ ನೋಡೋಕಾದರೂ ಹೋಗಿ.

ಮಗನಿಗೆ ಡ್ರೀಮ್‌ಲ್ಯಾಂಡ್ ಇದೆ. ಅಲ್ಲಿನ ಮರದ ರೋಲರ್ ಕೋಸ್ಟರ್ 1920ರದ್ದು. ಬ್ರೇಕ್ ಹಿಡಿಯೋಕೆ ಒಬ್ಬ ಮನುಷ್ಯ ಬಂಡಿಯ ಮೇಲೇ ಸವಾರಿ ಮಾಡುವಂಥದ್ದು. ಓಡುತ್ತಿದೆಯಾ, ಎಷ್ಟು ಎತ್ತರದ ಮಕ್ಕಳನ್ನು ಬಿಡುತ್ತಾರೆ ಅನ್ನೋದನ್ನು ಮೊದಲೇ ನೋಡಿಕೊಳ್ಳಿ.

ಅಪ್ಪನಿಗೆ ಶೆಲ್ ಗ್ರೊಟೊ ತೋರಿಸಿ. ನೆಲದಡಿ ಒಂದು ಸುರಂಗ, ಗೋಡೆ ತುಂಬ ಚಿಪ್ಪಿನ ಕುಸುರಿ. ಒಟ್ಟು 46 ಲಕ್ಷ ಚಿಪ್ಪು ಅನ್ನುತ್ತಾರೆ. 1835ರಲ್ಲಿ ಕಣ್ಣಿಗೆ ಬಿತ್ತು. ಯಾರು ಕಟ್ಟಿದರು, ಯಾಕೆ ಕಟ್ಟಿದರು, ಇವತ್ತಿಗೂ ಇತ್ಯರ್ಥ ಆಗಿಲ್ಲ. ಇತಿಹಾಸದ ಮೇಷ್ಟ್ರಿಗೆ ಒಂದು ಸಂಜೆ ವಾದ ಮಾಡೋಕೆ ಇದಕ್ಕಿಂತ ಬೇಕಾ?

ಹುಬ್ಬಳ್ಳಿ_ಎಕ್ಸ್‌ಪ್ರೆಸ್:

ರೈಲಿನ ವಿಷಯ ನನಗೆ ಬಿಡ್ರಿ. ಸ್ಲೌನಿಂದ ಎಲಿಜಬೆತ್ ಲೈನ್ ಹಿಡಿದು ಫ್ಯಾರಿಂಗ್ಡನ್, ಅಲ್ಲಿಂದ ಥೇಮ್ಸ್‌ಲಿಂಕ್‌ನಲ್ಲಿ ಒಂದೇ ಸ್ಟೇಷನ್, ಸೇಂಟ್ ಪ್ಯಾಂಕ್ರಸ್. ಅಲ್ಲಿ ಹೈಸ್ಪೀಡ್ ರೈಲು ಹತ್ತಿದರೆ ಕ್ಯಾಂಟರ್‌ಬರಿ ವೆಸ್ಟ್‌ಗೆ ಒಂದು ಗಂಟೆಯೊಳಗೆ, ಮಾರ್ಗೇಟ್‌ಗೆ ಸುಮಾರು ಒಂದೂವರೆ ಗಂಟೆ. ವಿಕ್ಟೋರಿಯಾದಿಂದಲೂ ರೈಲು ಇದೆ. ನಿಧಾನ, ಆದರೆ ದರ ಸ್ವಲ್ಪ ಕಡಿಮೆ.

ಮೂರು ಅಥವಾ ಜಾಸ್ತಿ ದೊಡ್ಡವರು ಜೊತೆಗೆ ಹೊರಟರೆ ಗ್ರೂಪ್‌ಸೇವ್ ಅಂತ ಮೂರನೇ ಒಂದು ಭಾಗ ಕಡಿತ ಸಿಗುತ್ತದೆ. ಕಾರ್ಡ್ ಬೇಡ. ಆದರೆ ಜನ ಕಡಿಮೆ ಇರುವ ಹೊತ್ತಿನ ಟಿಕೆಟ್‌ಗೆ ಮಾತ್ರ. ನೀವು ನಾಲ್ವರು ದೊಡ್ಡವರು ಇದ್ದೀರಿ, ಸರಿಹೋಗುತ್ತದೆ.

ಇದರಲ್ಲಿ ಚಂದದ ಮಾತು ಏನಂದ್ರ, ಕೆಂಟ್‌ನ ಪೂರ್ವ ಮೂಲೆಗೆ ರೈಲು ಸುತ್ತುಹಾಕುತ್ತದೆ. ಡೋವರ್, ಡೀಲ್, ಸ್ಯಾಂಡ್ವಿಚ್, ರಾಮ್ಸ್‌ಗೇಟ್, ಬ್ರಾಡ್‌ಸ್ಟೇರ್ಸ್, ಮಾರ್ಗೇಟ್, ಹರ್ನ್ ಬೇ, ವಿಟ್‌ಸ್ಟೆಬಲ್, ಫ್ಯಾವರ್‌ಶಮ್, ಎಲ್ಲ ಒಂದೇ ದಾರದಲ್ಲಿ. ಹಾಗಾಗಿ ಒಂದೇ ಕಡೆ ರೂಮು ಮಾಡಿ, ಬ್ಯಾಗು ಹೊತ್ತು ತಿರುಗಬೇಡ್ರಿ. ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್ ನಡುವೆ ಲೂಪ್ ಅನ್ನೋ ಬಸ್ಸು ಮೇಲಿಂದ ಮೇಲೆ ಓಡುತ್ತದೆ, ರೈಲಿಗೆ ಕಾಯೋದೂ ಬೇಡ.

ನಿಮ್ಮ ಮಗನಿಗಾಗಿ ಎರಡು ಮಾತು. ಒಂದು, ಕ್ಯಾಂಟರ್‌ಬರಿಯಿಂದ ವಿಟ್‌ಸ್ಟೆಬಲ್‌ಗೆ 1830ರ ಮೇ 3ರಂದು ರೈಲು ಶುರುವಾಯಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿಗಿಂತ ನಾಲ್ಕು ತಿಂಗಳು ಮೊದಲು! ಆದರೆ ಅದರ ಇನ್ವಿಕ್ಟಾ ಎಂಜಿನ್‌ಗೆ ಗುಡ್ಡ ಹತ್ತುವ ಶಕ್ತಿ ಇರಲಿಲ್ಲ. ಬಹುಪಾಲು ದಾರಿಯಲ್ಲಿ ಗುಡ್ಡದ ಮೇಲೆ ನಿಲ್ಲಿಸಿದ ಉಗಿಯಂತ್ರಗಳೇ ಹಗ್ಗ ಕಟ್ಟಿ ಬೋಗಿಗಳನ್ನು ಎಳೆಯುತ್ತಿದ್ದವು. ಆ ಎಂಜಿನ್ ಈಗ ವಿಟ್‌ಸ್ಟೆಬಲ್ ಮ್ಯೂಸಿಯಂನಲ್ಲಿದೆ. ಹಳಿ ಹೋಗಿ ಸೈಕಲ್ ದಾರಿ ಆಗಿದೆ.

ಎರಡು, ಹೈತ್ ಊರಿನಿಂದ ಡಂಜನೆಸ್‌ವರೆಗೆ ಓಡುವ ಪುಟ್ಟ ಉಗಿರೈಲು. 1927ರಲ್ಲಿ ಶುರುವಾದದ್ದು. ಹಳಿಯ ಅಗಲ ಬರೀ 15 ಇಂಚು, ದೂರ ಹದಿಮೂರೂವರೆ ಮೈಲಿ. ಎಂಜಿನ್ ಡ್ರೈವರ್ ಎಂಜಿನ್‌ಗಿಂತ ದೊಡ್ಡವನಾಗಿ ಕಾಣುತ್ತಾನೆ. ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಮರ ಇಲ್ಲ, ಮನೆ ವಿರಳ, ಕಣ್ಣು ಹಾಯುವಷ್ಟು ಬೆಣಚುಗಲ್ಲು, ಲೈಟ್‌ಹೌಸು, ನಿಂತುಹೋದ ಅಣುವಿದ್ಯುತ್ ಸ್ಥಾವರ. ಕೆಲವರಿಗೆ ಅದು ಭಣಭಣ ಅನ್ನಿಸುತ್ತದೆ. ನನಗೆ ಇಡೀ ಕೆಂಟ್‌ನಲ್ಲಿ ಅದೇ ಇಷ್ಟ. ಆದರೆ ಮಾರ್ಗೇಟ್‌ನಿಂದ ಇಡೀ ದಿನ ಬೇಕು, ಫೋಕ್‌ಸ್ಟನ್‌ನಿಂದ ಹೈತ್‌ಗೆ ಬಸ್ಸು ಹಿಡಿಯಬೇಕು.

ಹಳೇ_ಕೋಟೆ:

ಚನ್ನಗಿರಿಯವರು ಅಂದ ಮೇಲೆ ನಾನು ಸುಮ್ಮನಿರೋಕಾಗಲ್ಲ ಮೇಡಂ. ನಿಮ್ಮ ತಂದೆಯವರನ್ನು ಡೀಲ್ ಪಕ್ಕದ ವಾಲ್ಮರ್ ಕೋಟೆಗೆ ಕರ್ಕೊಂಡು ಹೋಗಲೇಬೇಕು.

ಡೀಲ್, ವಾಲ್ಮರ್ ಎರಡನ್ನೂ ಕಟ್ಟಿಸಿದ್ದು ಎಂಟನೇ ಹೆನ್ರಿ, 1539–40ರಲ್ಲಿ. ಪೋಪ್ ಜೊತೆ ಜಗಳ ಮಾಡಿಕೊಂಡಿದ್ದ, ಫ್ರಾನ್ಸ್, ಸ್ಪೇನ್ ಎರಡೂ ಸೇರಿ ಮೇಲೆ ಬೀಳುತ್ತವೆ ಅನ್ನೋ ಭಯ. ಹಾಗಾಗಿ ಎತ್ತರದ ಗೋಡೆ ಇಲ್ಲ. ತೋಪಿನ ಗುಂಡಿಗೆ ಸಿಗದ ಹಾಗೆ ಕುಳ್ಳಗೆ, ದುಂಡಗೆ, ದಪ್ಪ ಗೋಡೆ. ಡೀಲ್ ಕೋಟೆಯನ್ನು ಮೇಲಿಂದ ನೋಡಿದರೆ ಹೂವಿನ ಎಸಳು ಬಿಚ್ಚಿದಂತಿದೆ.

ಮುಂದೆ ವಾಲ್ಮರ್ ಕೋಟೆ ಲಾರ್ಡ್ ವಾರ್ಡನ್ ಅನ್ನೋ ಅಧಿಕಾರಿಯ ಮನೆಯಾಯಿತು. ಹೇಸ್ಟಿಂಗ್ಸ್, ನ್ಯೂ ರಾಮ್ನಿ, ಹೈತ್, ಡೋವರ್, ಸ್ಯಾಂಡ್ವಿಚ್ ಐದು ಬಂದರುಗಳು. ಕಾಯಂ ನೌಕಾಪಡೆ ಇಲ್ಲದ ಕಾಲದಲ್ಲಿ ಅವು ರಾಜನಿಗೆ ಹಡಗು ಕೊಟ್ಟು, ಬದಲಿಗೆ ಸುಂಕದ ವಿನಾಯಿತಿ ಪಡೆಯುತ್ತಿದ್ದವು. ಆ ಬಂದರುಗಳ ಮೇಲ್ವಿಚಾರಕನೇ ಲಾರ್ಡ್ ವಾರ್ಡನ್. 1829ರಿಂದ ಆ ಹುದ್ದೆಯಲ್ಲಿದ್ದವನು ಡ್ಯೂಕ್ ಆಫ್ ವೆಲಿಂಗ್ಟನ್. ವಾಟರ್ಲೂ ಗೆದ್ದವನು ಅಂತ ಇಂಗ್ಲೆಂಡಿನವರಿಗೆ ಗೊತ್ತು. ನಮಗೆ ಅವನು ಅದಕ್ಕೂ ಮೊದಲೇ ಪರಿಚಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆಯ ಆಡಳಿತ ಕೈಗೆ ತಗೊಂಡ ಆರ್ಥರ್ ವೆಲ್ಲೆಸ್ಲಿ ಇವನೇ. ಟಿಪ್ಪುವಿನ ಸೆರೆಯಲ್ಲಿದ್ದ ಧೋಂಡಿಯಾ ವಾಘ್ ಕೋಟೆ ಬಿದ್ದಾಗ ಹೊರಗೆ ಬಂದು, ಪಡೆ ಕಟ್ಟಿ, ಎರಡು ಲೋಕಕ್ಕೂ ತಾನೇ ಒಡೆಯ ಅಂತ ಸಾರಿದ. ಅವನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರ್‌ನಲ್ಲಿ ಕೋಣಗಲ್ ಹತ್ತಿರ ಮುಗಿಸಿದವನೂ ಇದೇ ವೆಲ್ಲೆಸ್ಲಿ. ಧೋಂಡಿಯಾ ನಿಮ್ಮ ಚನ್ನಗಿರಿಯವನು.

ವೆಲಿಂಗ್ಟನ್ ತೀರಿಕೊಂಡದ್ದು ವಾಲ್ಮರ್‌ನಲ್ಲೇ, 1852ರ ಸೆಪ್ಟೆಂಬರ್ 14ರಂದು. ಅವನ ಕೋಣೆ ಹಾಗೇ ಇಟ್ಟಿದ್ದಾರೆ. ಕೊನೆಯ ಹೊತ್ತಿನಲ್ಲಿ ಕೂತಿದ್ದ ಕುರ್ಚಿ, ಯುದ್ಧಕ್ಕೆ ಒಯ್ಯುತ್ತಿದ್ದ ಸಣ್ಣ ಮಂಚ, ಅವನ ಬೂಟು ಎಲ್ಲ ಇದೆ. ಅಷ್ಟು ದೊಡ್ಡ ಕೋಟೆಯಲ್ಲಿ ಆ ಮನುಷ್ಯ ಮಲಗುತ್ತಿದ್ದದ್ದು ಎಷ್ಟು ಕಿರಿದಾದ ಮಂಚದಲ್ಲಿ ಅಂತ ನೋಡಿದರೆ ಆಶ್ಚರ್ಯ ಆಗುತ್ತೆ. ತೋಟವೂ ಚೆನ್ನಾಗಿದೆ, ಅಮ್ಮನವರು ಅಲ್ಲಿ ಕೂತಿರಬಹುದು.

ಇಲ್ಲಿಗೇ ಮುಗಿಯಲ್ಲ. ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದ ದಂಡನಾಯಕ ಜಾರ್ಜ್ ಹ್ಯಾರಿಸ್. ಲೂಟಿಯಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಅವನದ್ದೇ. ಆ ದುಡ್ಡಿನಲ್ಲಿ 1801ರಲ್ಲಿ ಕೆಂಟ್‌ನ ಫ್ಯಾವರ್‌ಶಮ್ ಹತ್ತಿರ ಬೆಲ್ಮಾಂಟ್ ಅನ್ನೋ ಬಂಗಲೆ ಕೊಂಡ. 1815ರಲ್ಲಿ ಬ್ಯಾರನ್ ಪದವಿ ಸಿಕ್ಕಾಗ ಹೆಸರಿಗೆ ಸೇರಿಸಿಕೊಂಡದ್ದು ಏನು ಗೊತ್ತಾ? ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಜೊತೆಗೆ ಕೆಂಟ್‌ನ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್. ನಮ್ಮ ಊರಿನ ಹೆಸರು ಇಂಗ್ಲೆಂಡಿನ ಒಂದು ಮನೆತನದ ಬಿರುದಿನಲ್ಲಿ ಕೂತಿದೆ. ಬೆಲ್ಮಾಂಟ್ ಈಗ ಹಳೆ ಗಡಿಯಾರಗಳ ಸಂಗ್ರಹಕ್ಕೆ ಹೆಸರುವಾಸಿ. ಮನೆಯೊಳಗೆ ಬಿಡೋದು ಕೆಲವು ದಿನ ಮಾತ್ರ, ಮೊದಲೇ ಬುಕ್ ಮಾಡಬೇಕು. ಸ್ಟೇಷನ್‌ನಿಂದ ಟ್ಯಾಕ್ಸಿ ಬೇಕು. ಫ್ಯಾವರ್‌ಶಮ್‌ಗೆ ಹೇಗೂ ಹೋಗಿ, ಕಂಬಗಳ ಮೇಲೆ ನಿಂತ ಹಳೆ ಪುರಭವನ, ಅದರಡಿ ಸಂತೆ, ಮರದ ಚೌಕಟ್ಟಿನ ಮನೆಗಳ ಅಬಿ ಸ್ಟ್ರೀಟ್. ಪ್ರವಾಸಿಗರು ಕಡಿಮೆ.

ಚನ್ನಗಿರಿ_ಹುಡುಗಿ:

ಸರ್, ಇದನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಧೋಂಡಿಯಾ ಹೆಸರು ಬಂದ ಕೂಡಲೇ ಅವರೇ ಪಾಠ ಶುರು ಮಾಡಿದರು. ಅವನ ಚಿಕ್ಕ ಮಗನನ್ನು ವೆಲ್ಲೆಸ್ಲಿ ನೋಡಿಕೊಂಡದ್ದು ನಿಜಾನಾ ಕೇಳು ಅಂದರು. ಬೆಲ್ಮಾಂಟ್ ವಿಷಯ ಅವರಿಗೂ ಹೊಸದು. ಕ್ಯಾಂಟರ್‌ಬರಿಗೆ ಅರ್ಧ ದಿನ ಸಾಕಾ?

ಹಳೇ_ಕೋಟೆ:

ನಿಜ. ಆ ಹುಡುಗನ ಹೆಸರು ಸಲಾಬತ್ ಖಾನ್. ಅವನ ಖರ್ಚಿಗೆ ಅಂತ ದುಡ್ಡು ಇಟ್ಟು ಹೋದ. ಹಾಗಂತ ವೆಲ್ಲೆಸ್ಲಿಯನ್ನು ಹೊಗಳೋಕೆ ಹೊರಟಿಲ್ಲ, ಮೇಷ್ಟ್ರಿಗೆ ಹೇಳಿ.

ಕ್ಯಾಂಟರ್‌ಬರಿಗೆ ಪೂರ್ತಿ ದಿನ ಕೊಡಿ. ಕೆಥೆಡ್ರಲ್ ಒಂದಕ್ಕೇ ಮೂರು ಗಂಟೆ. 1170ರ ಡಿಸೆಂಬರ್ 29ರ ಸಂಜೆ ಎರಡನೇ ಹೆನ್ರಿಯ ನಾಲ್ವರು ಸರದಾರರು ಒಳಗೆ ನುಗ್ಗಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಕೊಂದರು. ಜಾಗ ಗುರುತಿಸೋಕೆ ಗೋಡೆಯಲ್ಲಿ ಕತ್ತಿಗಳ ಆಕೃತಿ ಇದೆ. ಮೂರು ವರ್ಷದೊಳಗೆ ಅವನನ್ನು ಸಂತ ಅಂತ ಸಾರಿದರು. 1174ರಲ್ಲಿ ರಾಜನೇ ಬರಿಗಾಲಲ್ಲಿ ಬಂದು, ಸನ್ಯಾಸಿಗಳ ಕೈಯಲ್ಲಿ ಛಡಿ ಏಟು ತಿಂದ. ಆಮೇಲೆ ಮೂರೂವರೆ ಶತಮಾನ ಯಾತ್ರಿಕರು ಬಂದದ್ದೇ ಬಂದದ್ದು. ಮೆಟ್ಟಿಲ ಕಲ್ಲುಗಳು ಸವೆದು ಗುಳಿ ಬಿದ್ದಿವೆ. ಎಂಟನೇ ಹೆನ್ರಿ 1538ರಲ್ಲಿ ಸಮಾಧಿಯನ್ನು ಒಡೆಸಿ ಒಡವೆ ಎಲ್ಲ ಸಾಗಿಸಿದ. ಈಗ ಆ ಜಾಗದಲ್ಲಿ ಒಂದು ಮೇಣದಬತ್ತಿ ಉರಿಯುತ್ತಿರುತ್ತೆ, ಅಷ್ಟೇ.

ಒಳಗೆ ಮೆಟ್ಟಿಲು ಇವೆ. ಮೆಟ್ಟಿಲಿಲ್ಲದ ದಾರಿ ಯಾವ ಕಡೆ ಅಂತ ಬಾಗಿಲಲ್ಲಿ ಕೇಳಿ. ಟಿಕೆಟ್ ದುಬಾರಿ ಅನ್ನಿಸಿದರೆ ಸಂಜೆಯ ಪ್ರಾರ್ಥನೆಗೆ ಹೋಗಿ. ಅದಕ್ಕೆ ದುಡ್ಡಿಲ್ಲ, ಗಾಯನವೂ ಕೇಳಬಹುದು. ಆದರೆ ಸುತ್ತಾಡಿ ನೋಡೋಕಾಗಲ್ಲ.

ಎಲ್ಲರೂ ಕೆಥೆಡ್ರಲ್ ನೋಡಿ ವಾಪಸ್ ಹೋಗುತ್ತಾರೆ. ಊರ ಗೋಡೆಯಾಚೆ ಸೇಂಟ್ ಮಾರ್ಟಿನ್ ಚರ್ಚ್ ಇದೆ. ಚಿಕ್ಕದು. ಕ್ರಿ.ಶ. 597ರಲ್ಲಿ ಅಗಸ್ಟೀನ್ ರೋಮ್‌ನಿಂದ ಧರ್ಮಪ್ರಚಾರಕ್ಕೆ ಬರುವ ಮುಂಚೆಯೇ ಕೆಂಟ್‌ನ ರಾಣಿ ಬರ್ತಾ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಗೋಡೆಯಲ್ಲಿ ರೋಮನ್ ಇಟ್ಟಿಗೆ ಕಾಣುತ್ತವೆ. ಅಂದಿನಿಂದ ಇಂದಿನವರೆಗೆ ಪೂಜೆ ನಿಂತಿಲ್ಲ. ಬಾಗಿಲು ತೆರೆಯುವ ವೇಳೆ ಕಡಿಮೆ, ನೋಡಿಕೊಂಡು ಹೋಗಿ.

ಎಡಗೈ_ಸ್ಪಿನ್:

ಇಷ್ಟು ಹೊತ್ತಾದರೂ ಯಾರೂ ಕ್ರಿಕೆಟ್ ಎತ್ತಲಿಲ್ಲವಲ್ಲ! ಕ್ಯಾಂಟರ್‌ಬರಿಯ ಸೇಂಟ್ ಲಾರೆನ್ಸ್ ಮೈದಾನ ನೋಡಬೇಡವಾ ಗುರು? ನಮ್ಮ ರಾಹುಲ್ ದ್ರಾವಿಡ್ 2000ದಲ್ಲಿ ಕೆಂಟ್ ತಂಡಕ್ಕೆ ಆಡಿದ್ದಾರೆ. ಆಗ ಬೌಂಡರಿ ಗೆರೆಯ ಒಳಗೇ ದೊಡ್ಡದೊಂದು ಲೈಮ್ ಮರ (ನಿಂಬೆಯಲ್ಲ, ಲಿಂಡನ್) ಇತ್ತು. ಅದಕ್ಕೆ ಚೆಂಡು ಬಡಿದರೆ ನಾಲ್ಕು ರನ್. 2005ರ ಜನವರಿಯಲ್ಲಿ ಗಾಳಿಗೆ ಮುರಿದು ಬಿತ್ತು, ಬೇರೆ ಸಸಿ ನೆಟ್ಟಿದ್ದಾರೆ. ಇನ್ನೊಂದು: ಮೇಲೆ ಹೇಳಿದ ಹ್ಯಾರಿಸ್ ಮನೆತನದ ನಾಲ್ಕನೇ ಲಾರ್ಡ್ ಕೆಂಟ್‌ಗೂ ಇಂಗ್ಲೆಂಡಿಗೂ ಕ್ಯಾಪ್ಟನ್ ಆಗಿದ್ದ, 1890ರಿಂದ 95ರವರೆಗೆ ಬಾಂಬೆಯ ಗವರ್ನರ್ ಆಗಿದ್ದ. ಕೌಂಟಿ ಪಂದ್ಯ ನಡೆಯುವ ದಿನ ಸಿಕ್ಕರೆ ಟಿಕೆಟ್ ತಗೊಂಡು ಎರಡು ಗಂಟೆ ಕೂತು ಬನ್ನಿ, ಅಪ್ಪನಿಗೂ ಕಾಲಿಗೆ ಬಿಡುವು.

ಉಪ್ಪಿಟ್ಟು_ಪ್ರಿಯೆ:

ಊಟದ ವಿಷಯ ಯಾರೂ ಹೇಳಲಿಲ್ಲ. ಚಿಪ್ಸ್ ಸಸ್ಯಾಹಾರ ಅಂತ ಕಣ್ಣುಮುಚ್ಚಿ ತಗೋಬೇಡಿ. ಕಡಲತೀರದ ಎಷ್ಟೋ ಅಂಗಡಿಗಳಲ್ಲಿ ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತಾರೆ. ಕೆಲವು ಕಡೆ ಎಣ್ಣೆಯೇ ಅಲ್ಲ, ದನದ ಕೊಬ್ಬು. ಯಾವುದರಲ್ಲಿ ಕರಿಯುತ್ತೀರಿ ಅಂತ ನೇರವಾಗಿ ಕೇಳಿ, ಬೇಜಾರು ಮಾಡಿಕೊಳ್ಳಲ್ಲ. ತಗೊಂಡ ಮೇಲೆ ಸೀಗಲ್ ಹಕ್ಕಿಯ ಮೇಲೆ ಕಣ್ಣಿಡಿ. ಮಗುವಿನ ಕೈಯಿಂದಲೇ ಕಿತ್ತುಕೊಂಡು ಹೋಗುತ್ತೆ.

ಮಾರ್ಗೇಟ್‌ನಲ್ಲಿ ವೀಗನ್ ಊಟ ಸುಲಭವಾಗಿ ಸಿಗುತ್ತೆ. ಕ್ಯಾಂಟರ್‌ಬರಿಯಲ್ಲಿ ವಿದ್ಯಾರ್ಥಿಗಳು ಜಾಸ್ತಿ, ಹಾಗಾಗಿ ಎಲ್ಲ ಥರದ ಊಟ ಇದೆ. ಡೀಲ್, ಸ್ಯಾಂಡ್ವಿಚ್‌ಗಳಲ್ಲಿ ಮಧ್ಯಾಹ್ನ ಎರಡೂವರೆ ದಾಟಿದರೆ ಅಡಿಗೆಮನೆ ಮುಚ್ಚಿಬಿಡುವ ಜಾಗಗಳಿವೆ, ಬೇಗ ತಿನ್ನಿ. ಕೆಂಟ್‌ನ ಜಿಪ್ಸಿ ಟಾರ್ಟ್ ಸಿಕ್ಕರೆ ಬಿಡಬೇಡಿ. ಗಟ್ಟಿ ಹಾಲು, ಕಪ್ಪು ಸಕ್ಕರೆ ಹಾಕಿ ಬೀಸಿ ಮಾಡಿದ್ದು. ನಾಲಿಗೆಗೆ ಬೆಲ್ಲದ ಪಾಕದ ಹಾಗೆ ಹತ್ತುತ್ತೆ. ಹೊರಗಿನ ಹಿಟ್ಟಿಗೆ ಹಂದಿಕೊಬ್ಬು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಜೂನ್ ಕೊನೆಗೆ ಚೆರ್ರಿ ಶುರು, ಸ್ಟ್ರಾಬೆರಿ ಅಂತೂ ರಸ್ತೆ ಬದಿಯಲ್ಲೇ ಮಾರುತ್ತಾರೆ.

ರೂಮು ಹಿಡಿಯುವ ಮುಂಚೆ ಇನ್ನೊಂದು ವಿಷಯ ಕೇಳಿ. ಈ ಊರುಗಳ ಗೆಸ್ಟ್‌ಹೌಸುಗಳು ಹಳೆ ಕಾಲದ ಕಿರಿದಾದ ಮನೆಗಳು. ಲಿಫ್ಟ್ ಇರಲ್ಲ. ಒಂದು ಕಡೆ ನಮಗೆ ಸಮುದ್ರ ಕಾಣುವ ರೂಮು ಅಂತ ಕೊಟ್ಟದ್ದು ಮೂರನೇ ಮಹಡಿ. ನಮ್ಮತ್ತೆ ದಿನಕ್ಕೆ ಒಂದೇ ಸಲ ಇಳಿದರು. ಲಿಫ್ಟ್ ಇರುವ ಹೋಟೆಲು, ಇಲ್ಲವೇ ನೆಲಮಹಡಿಯ ಫ್ಲಾಟು ಹುಡುಕಿ. ಅಡಿಗೆಮನೆ ಇರುವ ಫ್ಲಾಟು ಆದರೆ ಬೆಳಿಗ್ಗೆ ಉಪ್ಪಿಟ್ಟು ನಿಮ್ಮದೇ.

ಸುಮ್ನೆ_ಸುತ್ತಾಟ:

ಸರಿ, ಮಾರ್ಗೇಟ್ ವಿಷಯದಲ್ಲಿ ಜಗಳ ಬೇಡ. ಆದರೆ ಡೋವರ್ ಬಿಡಬೇಡಿ ಅನ್ನೋದು ನನ್ನ ಮಾತು. ಕೋಟೆಯೊಳಗೆ ರೋಮನ್ನರು ಕಟ್ಟಿದ ದೀಪಸ್ತಂಭ ಇನ್ನೂ ನಿಂತಿದೆ. ಬಂಡೆಯೊಳಗಿನ ಸುರಂಗಗಳಲ್ಲಿ ಕೂತು ಅಡ್ಮಿರಲ್ ರಾಮ್ಸೆ 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ 3,38,000 ಸೈನಿಕರನ್ನು ಈ ಕಡೆಗೆ ದಾಟಿಸಿದ. ಏರು ಜಾಸ್ತಿ, ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿ. ಅಮ್ಮನವರು ಬರದಿದ್ದರೂ ಪರವಾಗಿಲ್ಲ.

ಬಿಳಿ ಬಂಡೆಗಳ ಮೇಲೆ ಹೋದಾಗ ಫೋನಿನ ರೋಮಿಂಗ್ ಆಫ್ ಮಾಡಿ. ಫ್ರಾನ್ಸ್ ಬರೀ 34 ಕಿಲೋಮೀಟರ್. ಅಲ್ಲಿನ ಟವರ್ ಹಿಡಿದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ನಾವು ಅದನ್ನು ನಂಬಿ ರೈಲು ತಪ್ಪಿತು ಅಂತ ಓಡಿದ್ದೇ ಓಡಿದ್ದು. ಅಂಚಿಗೆ ಹೋಗಬೇಡಿ, ಸುಣ್ಣದ ಬಂಡೆ ಕುಸಿಯುತ್ತಲೇ ಇರುತ್ತೆ.

ಡೋವರ್, ಡೀಲ್, ವಾಲ್ಮರ್, ರಿಚ್‌ಬರೋ ಕೋಟೆಗಳೆಲ್ಲ ಇಂಗ್ಲಿಷ್ ಹೆರಿಟೇಜ್ ಅನ್ನೋ, ಹಳೆ ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆಯ ಕೈಯಲ್ಲಿವೆ. ಹೊರದೇಶದವರಿಗೆ 9 ದಿನ, 16 ದಿನದ ಪಾಸ್ ಇದೆ. ಅಪ್ಪ ಅಮ್ಮನಿಗೆ ಅದು ತಗೊಂಡರೆ ಉಳಿತಾಯ ಆಗುತ್ತಾ ಲೆಕ್ಕ ಹಾಕಿ.

ಮರವಂತೆ_ಮಾರಾಯ:

ಡೋವರ್ ಒಪ್ಪಿದೆ. ಆದರೆ ನನಗೆ ಕೇಳಿದರೆ ಮೇಷ್ಟ್ರಿಗೆ ಸ್ಯಾಂಡ್ವಿಚ್, ರೆಕಲ್ವರ್ ಎರಡನ್ನೂ ತೋರಿಸಬೇಕು. ನಾನಿರುವ ಥಾನೆಟ್, ಅಂದರೆ ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್ ಇರುವ ಈ ಮೂಲೆ, ಒಂದು ಕಾಲಕ್ಕೆ ದ್ವೀಪ. ನಡುವೆ ವಾಂಟ್ಸಮ್ ಅನ್ನೋ ಕಾಲುವೆಯಂಥ ಸಮುದ್ರ ಇತ್ತು, ಹಡಗು ಓಡಾಡುತ್ತಿದ್ದವು. ಅದರ ಒಂದು ಬಾಯಿಗೆ ರಿಚ್‌ಬರೋ, ಇನ್ನೊಂದು ಬಾಯಿಗೆ ರೆಕಲ್ವರ್, ಎರಡೂ ರೋಮನ್ ಕೋಟೆಗಳು. ಮಣ್ಣು ತುಂಬುತ್ತಾ ಬಂದು ಆ ನೀರು ಮುಚ್ಚಿಹೋಯಿತು. ಹಾಗಾಗಿ ಒಂದು ಕಾಲದ ದೊಡ್ಡ ಬಂದರು ಸ್ಯಾಂಡ್ವಿಚ್ ಈಗ ಸಮುದ್ರದಿಂದ ಎರಡು ಮೈಲಿ ಒಳಗೆ ಇದೆ. ವ್ಯಾಪಾರ ಹೋಯಿತು. ಹೊಸದಾಗಿ ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ, ಅದಕ್ಕೇ ಹಳೆ ಬೀದಿಗಳು ಹಾಗೇ ಉಳಿದವು.

ರೆಕಲ್ವರ್‌ನಲ್ಲಿ ತದ್ವಿರುದ್ಧ. ಅಲ್ಲಿ ಸಮುದ್ರ ದಡವನ್ನು ತಿನ್ನುತ್ತಾ ಬಂತು, ಕೋಟೆಯ ಅರ್ಧ ನೀರುಪಾಲು. ಅದರೊಳಗಿದ್ದ ಚರ್ಚನ್ನು 1809ರಲ್ಲಿ ಊರವರೇ ಕೆಡವಿದರು. ಎರಡು ಗೋಪುರ ಮಾತ್ರ ಉಳಿದವು, ಹಡಗಿನವರಿಗೆ ಗುರುತಿಗೆ ಬೇಕಿತ್ತು ಅಂತ. ಒಂದೇ ಕರಾವಳಿ, ಹತ್ತು ಮೈಲಿ ಆಚೀಚೆ, ಒಂದು ಕಡೆ ಭೂಮಿ ಗೆದ್ದಿದೆ, ಇನ್ನೊಂದು ಕಡೆ ನೀರು. ಹರ್ನ್ ಬೇ ಕಡೆಯಿಂದ ನಡೆದೋ ಟ್ಯಾಕ್ಸಿಯಲ್ಲೋ ಹೋಗಬೇಕು.

ಬ್ರಾಡ್‌ಸ್ಟೇರ್ಸ್‌ಗೆ ಒಂದು ಸಂಜೆ ಸಾಕು, ಐಸ್‌ಕ್ರೀಮ್ ತಿಂದು ಬನ್ನಿ. ಬಂಡೆಯ ಮೇಲಿರುವ ಊರು ಅದು, ದಂಡೆಗೆ ಇಳಿಜಾರು ಇದೆ. ಬಾಟನಿ ಬೇಯ ಬಿಳಿ ಕಂಬದಂಥ ಬಂಡೆಗಳನ್ನು ಫೋಟೋ ತೆಗೆಯುವ ಆಸೆ ಇದ್ದರೆ ಇಳಿತದ ಹೊತ್ತಿಗೇ ಹೋಗಿ. ಉಬ್ಬರ ಶುರುವಾದಾಗ ಬಂಡೆ ಬದಿಯಲ್ಲಿ ಮುಂದಕ್ಕೆ ನಡೆಯೋದು ಬೇಡ. ವಾಪಸ್ ಬರುವ ದಾರಿ ಮುಚ್ಚುತ್ತೆ.

ಮತ್ತೆ, ಜೂನ್ ಅಂತ ಬರೀ ಹತ್ತಿ ಬಟ್ಟೆ ತರಬೇಡಿ. ಈಶಾನ್ಯದಿಂದ ಗಾಳಿ ಬೀಸಿದರೆ ಬಿಸಿಲಿದ್ದರೂ ನಡುಗುತ್ತೀರಿ. ಅಮ್ಮನಿಗೆ ಒಂದು ಶಾಲು, ಕಿವಿ ಮುಚ್ಚೋಕೆ ಏನಾದರೂ.

ಚನ್ನಗಿರಿ_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಮಾಡಿದ್ದೇನೆ. ಮಾರ್ಗೇಟ್‌ನಲ್ಲಿ ನೆಲಮಹಡಿಯ ಫ್ಲಾಟು, ಸೋಮವಾರದಿಂದ ಶುಕ್ರವಾರ. ಸೋಮವಾರ ಮಧ್ಯಾಹ್ನ ತಲುಪಿ ಮರಳು, ಟರ್ನರ್ ಗ್ಯಾಲರಿ. ಮಂಗಳವಾರ ಡೀಲ್, ವಾಲ್ಮರ್. ಅಪ್ಪ ಅದನ್ನು ಮೊದಲೇ ಇಡು ಅಂತ ಹಟ ಹಿಡಿದಿದ್ದಾರೆ. ಬುಧವಾರ ಕ್ಯಾಂಟರ್‌ಬರಿ. ಗುರುವಾರ ಅಪ್ಪ ಮತ್ತು ನಮ್ಮನೆಯವರು ಡೋವರ್‌ಗೆ, ನಾನು ಅಮ್ಮ ಮಗ ಬ್ರಾಡ್‌ಸ್ಟೇರ್ಸ್‌ಗೆ. ಶುಕ್ರವಾರ ವಿಟ್‌ಸ್ಟೆಬಲ್‌ನಲ್ಲಿ ಇಳಿದು ಆ ಎಂಜಿನ್ ನೋಡಿ ಮನೆಗೆ. ಬೆಲ್ಮಾಂಟ್ ತೆರೆಯುವ ದಿನ ಹೊಂದಲಿಲ್ಲ. ಪುಟ್ಟ ರೈಲು ಇನ್ನೊಂದು ಸಲ, ಮಗನಿಗೆ ಇನ್ನೂ ಹೇಳಿಲ್ಲ.

ಅಮ್ಮ ಹೇಳಿದ್ದು: ನೀವೆಲ್ಲ ಎಲ್ಲಿಗಾದರೂ ಹೋಗಿ, ನನಗೆ ಬೆಂಚು ತೋರಿಸಿ ಹೋಗಿ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್:

ಶುಕ್ರವಾರ ಬ್ಯಾಗು ಎಳೆದುಕೊಂಡು ವಿಟ್‌ಸ್ಟೆಬಲ್‌ನಲ್ಲಿ ಇಳಿಯೋದು ಬೇಡ್ರಿ. ಸ್ಟೇಷನ್‌ನಿಂದ ದಂಡೆಗೆ ಹತ್ತು ಹದಿನೈದು ನಿಮಿಷ ನಡಿಗೆ, ಬೆಣಚುಗಲ್ಲಿನಲ್ಲಿ ಗಾಲಿ ಓಡಲ್ಲ. ಗುರುವಾರ ನೀವು ಮೂವರು ಬ್ರಾಡ್‌ಸ್ಟೇರ್ಸ್ ಬದಲು ವಿಟ್‌ಸ್ಟೆಬಲ್‌ಗೆ ಹೋಗ್ರಿ, ಬ್ರಾಡ್‌ಸ್ಟೇರ್ಸ್‌ಗೆ ಸಂಜೆ ಬಸ್ಸಿದೆ. ಮ್ಯೂಸಿಯಂ ಆವತ್ತು ತೆರೆದಿರುತ್ತದಾ ಅಂತ ಮಾತ್ರ ನೋಡಿಕೊಳ್ರಿ.

ಮರವಂತೆ_ಮಾರಾಯ:

ಟರ್ನರ್ ಗ್ಯಾಲರಿಗೆ ಸೋಮವಾರ ರಜೆ. ಅದನ್ನು ಮಂಗಳವಾರ ವಾಲ್ಮರ್‌ಗೆ ಹೊರಡುವ ಮುಂಚೆ ನೋಡಿ, ಅಪ್ಪ ತಡೆಯೋದಾದರೆ. ಇಲ್ಲವೇ ಶುಕ್ರವಾರ ಬೆಳಿಗ್ಗೆ ಇಡಿ.